ಅಪ್ಪ ದಿನಾ ಕೇಳ್ತಾರೆ

ಅವಳಿಗೆ ಟ್ರೇ ಅಕ್ಕ ಅನ್ನೋ ಹೆಸರು ಬಂದಿದ್ದು ಮೊಟ್ಟೆ ಟ್ರೇಯಿಂದ. ನಗ್ಬೇಡಿ, ಇದು ಡೇಟಾಬೇಸ್ ವಿಷಯ, ಅಷ್ಟೇ ಅಲ್ಲ, ಅವಳ ಮನೆ ವಿಷಯಾನೂ ಹೌದು.

ಅವಳು ಕೆಲಸ ಮಾಡ್ತಿದ್ದಿದ್ದು ಕಾಣೆಯಾದವರ ವಿಚಾರಣಾ ಕಚೇರಿಯಲ್ಲಿ. ಮನೆ ಬಿಟ್ಟು ಹೋದವರು, ದಾರಿ ತಪ್ಪಿದವರು, ಒಂದು ಮಾತಿಗೆ ಸಿಟ್ಟಾಗಿ ಬಾಗಿಲು ದಡಾರ್ ಅಂತ ಹಾಕ್ಕೊಂಡು ಹೋದವರು, ಅಂಥವರ ಮನೆಯವರೆಲ್ಲ ಫೋನ್ ಮಾಡಿ "ಏನಾದ್ರೂ ಸುದ್ದಿ ಇದ್ಯಾ?" ಅಂತ ಕೇಳೋ ಜಾಗ ಅದು. ಮುಂದೆ ಕೌಂಟರ್, ಸಾಲಾಗಿ ಫೋನು. ಹಿಂದಿನ ರೂಮಲ್ಲಿ ಗುಂಯ್ ಅಂತಿರೋ ಸರ್ವರ್, ಅದರ ಪಕ್ಕ ಬೇಸಿಗೆಯಲ್ಲೂ ಸ್ವೆಟರ್ ಹಾಕ್ಕೊಂಡು ಕೂತ ಇವಳು, ಯಾಕಂದ್ರೆ ಆ ರೂಮಿನ ಎಸಿ ಇದ್ದಿದ್ದು ಮೆಷಿನ್‌ಗೆ, ಮನುಷ್ಯರಿಗಲ್ಲ.

ಹೊಸದಾಗಿ ಸೇರಿದವರು ಯಾರೇ ಆಗ್ಲಿ, ಮೊದಲ ವಾರದಲ್ಲೇ ಒಂದು ಪ್ರಶ್ನೆ ಕೇಳೇ ಕೇಳ್ತಿದ್ರು. "ಅಕ್ಕಾ, ಕೆಲವರ ಹೆಸರು ಹೊಡೆದ್ರೆ ಟಕ್ ಅಂತ ಬರುತ್ತೆ, ಕೆಲವರದ್ದು ಬರೋ ಹೊತ್ತಿಗೆ ಕಾಫಿ ಕುಡ್ಕೊಂಡು ಬರಬಹುದು, ಯಾಕೆ?"

ಅಷ್ಟು ಕೇಳಿದ್ರೆ ಸಾಕು, ಶುರು!

"ಡಿಸ್ಕ್ ಅಂದ್ರೆ ಗೋಡೌನು. ಮೆಮೊರಿ ಅಂದ್ರೆ ಅಂಗಡಿ ಕೌಂಟರ್ ಮೇಲಿನ ಜಾಗ. ನೀನು ಒಂದು ಮೊಟ್ಟೆ ಕೊಡಪ್ಪ ಅಂದ್ರೆ ಅಂಗಡಿಯವನು ಗೋಡೌನಿಗೆ ಹೋಗಿ ಒಂದೇ ಮೊಟ್ಟೆ ಕೈಯಲ್ಲಿ ಹಿಡ್ಕೊಂಡು ಬರ್ತಾನಾ?"

"ಇಲ್ಲಕ್ಕ."

"ಇಡೀ ಟ್ರೇ ಎತ್ತಿಕೊಂಡು ಬರ್ತಾನೆ. ಡೇಟಾಬೇಸೂ ಅಷ್ಟೇ. ಒಬ್ಬರ ವಿವರ ಒಂದು ಸಾಲು, ಅದು ಮೊಟ್ಟೆ. ಆದ್ರೆ ಒಂದೊಂದೇ ಸಾಲು ತರೋಕೆ ಅದಕ್ಕೆ ಬರಲ್ಲ, ಅಕ್ಕಪಕ್ಕದ ಸಾಲೆಲ್ಲ ಸೇರಿರೋ ಒಂದು ಪೇಜನ್ನೇ ಮೆಮೊರಿಗೆ ತರುತ್ತೆ. ಕೌಂಟರ್ ಮೇಲೆ ಇದ್ರೆ ಟಕ್. ಗೋಡೌನಿಗೆ ಹೋಗ್ಬೇಕು ಅಂದ್ರೆ ನಿನ್ನ ಕಾಫಿ."

"ಕೌಂಟರ್ ತುಂಬಿಹೋದ್ರೆ?"

"ಯಾವ ಟ್ರೇನ ಜಾಸ್ತಿ ಹೊತ್ತಿಂದ ಯಾರೂ ಕೇಳಿಲ್ವೋ ಅದು ಒಳಗೆ ವಾಪಸ್. ಪ್ರತಿ ಪೇಜಿಗೂ ಒಂದು ಪುಟ್ಟ ಅಂಕಿ ಇರುತ್ತೆ. ಯಾರಾದ್ರೂ ಕೇಳಿದ್ರೆ ಏರುತ್ತೆ, ಕೇಳದಿದ್ರೆ ಮೆಲ್ಲಗೆ ಇಳಿಯುತ್ತೆ. ಏರಿರೋದು ಬಿಸಿ ಪೇಜು, ಇಳಿದಿದ್ದು ತಣ್ಣಗಾದ ಪೇಜು."

ಇದನ್ನ ಅವಳು ಎಷ್ಟು ಖುಷಿಯಾಗಿ ಹೇಳ್ತಿದ್ಲು ಅಂದ್ರೆ, ಕೌಂಟರ್ ಹುಡುಗಿ ಹಿಂದಿನಿಂದ ಅವಳ ಥರಾನೇ ಕೈ ಆಡಿಸಿಕೊಂಡು "ಇಡೀ ಟ್ರೇ!" ಅಂತ ಬಾಯಿ ಅಲ್ಲಾಡಿಸ್ತಿದ್ಲು. ಇವಳು ತಿರುಗಿ ನೋಡದೇ "ಏ ಕೋತಿ, ಫೋನ್ ಹೊಡ್ಕೊಳ್ತಿದೆ ನೋಡು" ಅಂತಿದ್ಲು.

ಆದ್ರೆ ಆಫೀಸಲ್ಲಿ ಯಾರಿಗೂ ಗೊತ್ತಿಲ್ಲದ ವಿಷಯ ಒಂದಿತ್ತು. ಡೇಟಾಬೇಸಿನ ಕಾಣೆಯಾದವರ ಟೇಬಲ್‌ನಲ್ಲಿ, ಅಂದ್ರೆ ಆ ಪಟ್ಟಿಯಲ್ಲಿ, ಅವಳ ತಮ್ಮನೂ ಒಬ್ಬ.

ಅಪ್ಪ ಲಿಫ್ಟ್ ಮೆಕ್ಯಾನಿಕ್. ಜೀವನ ಪೂರ್ತಿ ಬೇರೆಯವರನ್ನ ಮೇಲೆ ಕೆಳಗೆ ಕಳಿಸಿ, ತಾನು ಮಾತ್ರ ಒಂದಿಂಚೂ ಬಗ್ಗದ ಮನುಷ್ಯ. ತಮ್ಮನನ್ನ ಅದೇ ಕಂಪನಿಗೆ ಸೇರಿಸಿದ್ರು, ಅವನಿಗೆ ಲಿಫ್ಟ್ ಗುಂಡಿಗೆ ಇಳಿದ್ರೆ ಉಸಿರು ಕಟ್ಟೋದು, ಬಿಟ್ಟು ಬಂದ. ಮನೆಯಲ್ಲಿ ದೊಡ್ಡ ರಂಪ. "ಅನ್ನ ತಿನ್ನೋ ಕೈಗೆ ಗ್ರೀಸ್ ಅಂಟಬಾರದಾ ನಿನಗೆ? ಹೋಗು, ಎಲ್ಲಾದ್ರೂ ಹೋಗು, ನಿನ್ನ ಮುಖ ತೋರಿಸ್ಬೇಡ" ಅಂದ್ರು ಅಪ್ಪ. ಹೋದ. ಅಪ್ಪಂದಿರು ಸಿಟ್ಟಲ್ಲಿ ಹೀಗೆ ಅಂತಾನೇ ಇರ್ತಾರೆ, ಮಕ್ಕಳು ರಾತ್ರಿ ಊಟಕ್ಕೆ ಬಂದೇ ಬರ್ತಾರೆ, ಇವನು ಬರಲೇ ಇಲ್ಲ.

ಅಮ್ಮ, ಇವಳು ಸೇರ್ಕೊಂಡು ಆ ಕಚೇರಿಗೆ ಹೋಗಿ ವಿವರ ಬರೆಸಿದ್ರು. ಎತ್ತರ ಇಷ್ಟು, ಬಲ ಹುಬ್ಬು ಸೀಳಿದ ಗುರುತು, ನಗೋವಾಗ ಬಾಯಿಗೆ ಕೈ ಅಡ್ಡ ಇಟ್ಕೋತಾನೆ. ಅಪ್ಪ ಬರಲಿಲ್ಲ. ಆಮೇಲೆ ಅದೇ ಕಚೇರಿಗೆ ಡೇಟಾಬೇಸ್ ನೋಡ್ಕೊಳ್ಳೋರು ಬೇಕಿತ್ತು, ಇವಳು ಒಳ್ಳೇ ಕಂಪನಿ ಕೆಲಸ ಬಿಟ್ಟು ಇಲ್ಲಿಗೆ ಬಂದ್ಲು. ತಮ್ಮನ ವಿಷಯ ಹೇಳಿದ್ರೆ ಎಲ್ಲಿ ಬೇಡ ಅಂತಾರೋ ಅಂತ ಬಾಯಿ ಬಿಡಲಿಲ್ಲ.

ಅಮ್ಮ ದಿನಾ ಬೆಳಿಗ್ಗೆ ಫೋನ್ ಮಾಡೋರು. ಮಗಳ ನಂಬರಿಗಲ್ಲ, ಕೌಂಟರಿಗೆ, ಎಲ್ಲರ ಹಾಗೆ. ಇವಳು ಒಳಗೆ ಕೂತು ಮೆಮೊರಿಯಲ್ಲಿ ಏನೇನಿದೆ ಅಂತ ತೋರಿಸೋ ಪರದೆ ತೆಗೆದ್ರೆ, ತಮ್ಮನ ಸಾಲಿರೋ ಪೇಜು ಬಿಸಿ ಬಿಸಿ. ಅಂಕಿ ತುದಿ ಮುಟ್ಟಿರೋದು. ಅದನ್ನ ನೋಡಿದ್ರೆ ಅವಳಿಗೆ ಏನೋ ಸಮಾಧಾನ.

ಆಮೇಲೆ ಅಮ್ಮ ಹುಷಾರು ತಪ್ಪಿ ಆಸ್ಪತ್ರೆ ಸೇರಿದ್ರು. ಫೋನ್ ಮಾಡೋಕೆ ಶಕ್ತಿ ಇರಲಿಲ್ಲ. ಪೇಜು ತಣ್ಣಗಾಗುತ್ತೆ ಅಂತ ಇವಳು ನೋಡ್ತಾ ಕೂತ್ರೆ, ಇಲ್ಲ! ಒಂದು ದಿನ ಆಯ್ತು, ಒಂದು ವಾರ ಆಯ್ತು, ಬೆಳಿಗ್ಗೆ ಹತ್ತರ ಸುಮಾರಿಗೆ ಅಂಕಿ ಏರಿ ಹಾಗೇ ತುದಿಯಲ್ಲೇ ಇದೆ. ಅಂದ್ರೆ ಬೇರೆ ಯಾರೋ ಕೇಳ್ತಿದ್ದಾರೆ. ಅಮ್ಮ ಅಲ್ಲ, ಇವಳಲ್ಲ, ಮತ್ತೆ ಇನ್ಯಾರು?

ಆಗ ಹೊಳೀತು. ಅಪ್ಪ ದಿನಾ ಹತ್ತು ಗಂಟೆ ಸುಮಾರಿಗೆ ಫೋನ್ ತಗೊಂಡು ಬಾಲ್ಕನಿಗೆ ಹೋಗ್ತಾರೆ, ರಜೆಯಲ್ಲಿ ಮನೇಲಿದ್ದಾಗೆಲ್ಲ ಇವಳೇ ನೋಡಿದ್ದಾಳೆ. ಬಾಗಿಲು ಎಳ್ಕೋತಾರೆ. ಸಣ್ಣ ದನಿಯಲ್ಲಿ ಮಾತಾಡ್ತಾರೆ. ಒಳಗೆ ಬಂದ್ರೆ ಏನೂ ಆಗೇ ಇಲ್ಲ ಅನ್ನೋ ಮುಖ.

ಅವಳು ಸರ್ವರ್ ರೂಮಲ್ಲಿ ಒಬ್ಬಳೇ ಕೂತು ನಕ್ಲು, ಅತ್ಲು, ಸ್ವೆಟರ್ ತೋಳಲ್ಲಿ ಮೂಗು ಒರೆಸ್ಕೊಂಡ್ಲು. ಸಂಜೆ ಆಸ್ಪತ್ರೆಗೆ ಓಡಿ ಅಮ್ಮನ ಕಿವಿ ಹತ್ರ ಹೇಳಿದ್ಲು. "ಅಮ್ಮಾ, ಅಪ್ಪ ದಿನಾ ಕೇಳ್ತಾರೆ."

"ಯಾರು, ನಿಮ್ಮಪ್ಪನಾ?"

"ಹೂಂನಮ್ಮ. ದಿನಾ. ನನಗೆ ಒಳಗಿಂದ ಕಾಣಿಸುತ್ತೆ."

ಅಮ್ಮ ಸೀಲಿಂಗ್ ಕಡೆ ನೋಡಿದ್ರು. "ನೋಡಿದ್ಯಾ, ಬಾಯಿ ಮಾತ್ರ ಆ ಮನುಷ್ಯಂದು" ಅಂದ್ರು. "ಅಂತೂ ಮಗನನ್ನ ಕೇಳೋರು ಒಬ್ರಿದ್ದಾರೆ. ಇನ್ನು ನಾನು ಹೋದ್ರೂ ಪರವಾಗಿಲ್ಲ ಬಿಡು." ಆ ಆಸ್ಪತ್ರೆಯಿಂದ ಅಮ್ಮ ಮನೆಗೆ ಬರಲಿಲ್ಲ.

ಅಲ್ಲಿಂದ ಮುಂದೆ ಅವಳ ಬದುಕು ಆ ಒಂದು ಅಂಕಿ ಮೇಲೆ ನಿಂತಿತ್ತು. ಅಪ್ಪ ಸಿಡುಕಿದ್ರೆ, ಸಾರಿಗೆ ಉಪ್ಪಿಲ್ಲ ಅಂತ ತಟ್ಟೆ ತಳ್ಳಿದ್ರೆ, ಫೋಟೋದಲ್ಲಿ ತಮ್ಮ ಇರೋ ಕಡೆ ಕ್ಯಾಲೆಂಡರ್ ತೂಗು ಹಾಕಿದ್ರೆ, ಇವಳು ಒಳಗೊಳಗೇ ನಕ್ಕೊಂಡು ಸುಮ್ಮನಾಗ್ತಿದ್ಲು. ಮಾಡಿ ಮಾಡಿ, ನಾಟಕ ಮಾಡಿ, ನನಗೆ ಗೊತ್ತು. ಅಪ್ಪನ ಗುಟ್ಟು ಅಪ್ಪನ ಹತ್ರಾನೇ ಇರಲಿ, ಕೇಳಿದ್ರೆ ನಾಚ್ಕೊಂಡು ನಿಲ್ಲಿಸಿಬಿಡ್ತಾರೆ ಅಂತ ಕೇಳಲೂ ಇಲ್ಲ. ತಾನು ತಮ್ಮನ ಸಾಲನ್ನ ತೆಗೆದು ನೋಡ್ತಿರಲಿಲ್ಲ, ಯಾವತ್ತೂ. ತಾನು ನೋಡಿದ್ರೆ ಅಂಕಿ ಏರುತ್ತಲ್ಲ, ಆಮೇಲೆ ಅಪ್ಪ ಕೇಳಿದ್ದು ಯಾವುದು, ತನ್ನದು ಯಾವುದು ಅಂತ ಗೊತ್ತಾಗೋದು ಹೇಗೆ? ಅದಕ್ಕೇ ಮುಟ್ಟದೇ, ಹೊರಗಿಂದ ಬಿಸಿ ಮಾತ್ರ ನೋಡೋದು.

ಆ ವರ್ಷಗಳಲ್ಲೇ ಅವಳು ಆಫೀಸಿಗೆ ಒಂದು ದೊಡ್ಡ ಉಪಕಾರ ಮಾಡಿದ್ಲು. ಆಶ್ರಮಗಳು, ಆಸ್ಪತ್ರೆಗಳು ತಮ್ಮಲ್ಲಿ ಸಿಕ್ಕವರ ವಿವರ ಕಳಿಸ್ತಿದ್ವು, ಅದು ಬೇರೆ ಟೇಬಲ್. ದಿನಾ ಬೆಳಗಾಗೋದ್ರೊಳಗೆ ಕಾಣೆಯಾದವರನ್ನೆಲ್ಲ ಸಿಕ್ಕವರ ಜೊತೆ ಹೋಲಿಸಿ ನೋಡೋ ಒಂದು ಕ್ವೆರಿ, ಅಂದ್ರೆ ಡೇಟಾಬೇಸಿಗೆ ಕೇಳೋ ಪ್ರಶ್ನೆ, ಓಡ್ತಿತ್ತು. ಎರಡು ದೊಡ್ಡ ರಾಶೀನ ಎತ್ತರ, ವಯಸ್ಸು, ಗುರುತು ಅಂತ ಜೋಡಿಸ್ಕೊಳ್ಬೇಕು, ಜೋಡಿಸೋಕೆ ಮೆಮೊರಿ ಸಾಲದು, ಸಾಲದೇ ಇದ್ದಿದ್ದು ಡಿಸ್ಕಿಗೆ ಚೆಲ್ಲೋದು, ಮುಗಿಯೋ ಹೊತ್ತಿಗೆ ಕೌಂಟರ್ ತೆರೆದಿರೋದು, ಬಿಸಿಯಾಗಿದ್ದ ಪೇಜೆಲ್ಲ ಹೊರಗೆ ಬಿದ್ದಿರೋದು, ಪ್ರತಿ ಹುಡುಕಾಟವೂ ಆಮೆ. ಫೋನ್ ಮಾಡಿದ ತಂದೆ ತಾಯಿ ಕಾದು ಕಾದು ಇಟ್ಟುಬಿಡೋರು. ಇವಳು ಯೋಚನೆ ಮಾಡಿ ಅದನ್ನೇ ತೆಗೆದುಹಾಕಿದ್ಲು. ಎಲ್ಲರನ್ನೂ ದಿನಾ ಹೋಲಿಸೋದು ಯಾಕೆ? ಯಾರ ಮನೆಯವರು ಕೇಳ್ತಾರೋ ಅವರೊಬ್ಬರನ್ನ ಆಗಲೇ ಹೋಲಿಸಿದ್ರಾಯ್ತು.

ಸರ್ವರ್ ಗಾಳಿ ಥರ ಓಡ್ತು! ಮ್ಯಾನೇಜರ್ ಕೇಕ್ ತರಿಸಿದ್ರು. "ಯಾರೂ ಕೇಳದೇ ಇರೋರ ಗತಿ?" ಅಂತ ಮೀಟಿಂಗಲ್ಲಿ ಒಬ್ಬರು ಕೇಳಿದ್ದೂ ಉಂಟು. "ಇಲ್ಲಿ ಹೆಸರು ಬರೆಸಿದವರು ಕೇಳದೇ ಇರ್ತಾರಾ ಸರ್?" ಅಂದಿದ್ಲು ಇವಳು, ಬಾಯಿ ತುಂಬಾ ಕೇಕ್ ಇಟ್ಕೊಂಡು.

ಒಂದು ಸೋಮವಾರ ಪರದೆ ತೆಗೆದ್ರೆ, ಪೇಜು ಇಲ್ಲ.

ತಪ್ಪಿ ಬೇರೆ ಕಡೆ ನೋಡಿದ್ನಾ ಅಂತ ಮತ್ತೆ ನೋಡಿದ್ಲು. ಇಲ್ಲ. ಮೆಮೊರಿಯಲ್ಲೇ ಇಲ್ಲ. ತಣ್ಣಗಾಗಿ, ಇಳಿದು, ಹೊರಗೆ ಹೋಗಿದೆ. ಅಪ್ಪನಿಗೇನಾದ್ರೂ ಆಯ್ತಾ? ಬೆಳಿಗ್ಗೆ ತಾನೇ ಹಲ್ಲುಜ್ಜುತ್ತಾ ಪೇಪರಿನವನಿಗೆ ಬೈತಿದ್ರಲ್ಲ. ಹಾಗಾದ್ರೆ ಬಿಟ್ಟುಬಿಟ್ರಾ? ಸಾಕಾಯ್ತಾ? ಅರ್ಧ ದಿನ ರಜೆ ಹಾಕಿ ಮನೆಗೆ ಓಡಿದ್ಲು.

ಅಪ್ಪ ಬಚ್ಚಲು ಬಾಗಿಲಿನ ಕೀಲಿಗೆ ಎಣ್ಣೆ ಬಿಡ್ತಿದ್ರು. "ಏನೇ, ಇಷ್ಟು ಬೇಗ? ಕೆಲಸದಿಂದ ಓಡಿಸಿದ್ರಾ?"

"ಅಪ್ಪಾ, ನೀವು ಫೋನ್ ಮಾಡೋದು ಯಾಕೆ ನಿಲ್ಲಿಸಿದ್ರಿ?"

"ಯಾರಿಗೆ?"

"ನಮ್ಮ ಆಫೀಸಿಗೆ. ನನಗೆ ಎಲ್ಲಾ ಗೊತ್ತಪ್ಪ, ಮುಚ್ಚಿಡ್ಬೇಡಿ. ದಿನಾ ಹತ್ತು ಗಂಟೆಗೆ, ಬಾಲ್ಕನಿಯಿಂದ."

ಅಪ್ಪ ಎಣ್ಣೆ ಡಬ್ಬಿ ಕೆಳಗಿಟ್ಟು ಅವಳನ್ನ ಮೇಲಿಂದ ಕೆಳಗೆ ನೋಡಿದ್ರು. "ಬಾಲ್ಕನಿಯಿಂದ ನಾನು ಮಾತಾಡೋದು ನಮ್ಮ ಹಳೇ ಫೋರ್‌ಮನ್ ಜೊತೆ. ಅವನಿಗೆ ಎಡ ಮಂಡಿ ನೋವು, ನನಗೆ ಬಲ ಮಂಡಿ. ಇಬ್ರೂ ಸೇರಿದ್ರೆ ಒಂದು ಆಳಿಗಾಗೋಷ್ಟು ಕಾಲು. ಒಳಗೆ ಸಿಗ್ನಲ್ ಎಲ್ಲಿ ಬರುತ್ತೆ?"

"ಆಟ ಆಡ್ಬೇಡಿ ಅಪ್ಪ."

"ನಾನ್ಯಾಕೆ ಆಟ ಆಡ್ಲಿ? ಫೋನ್ ತಗೊಂಡು ನೋಡು."

"ಹಾಗಾದ್ರೆ... ಒಂದು ಸಲಾನೂ ಕೇಳಿಲ್ವಾ? ಅವನ ಬಗ್ಗೆ?"

ಅಪ್ಪನ ಮುಖ ಬಿಗೀತು. "ಅವನೇನು ಬಸ್ಸಲ್ಲಿ ಬಿಟ್ಟುಹೋದ ಛತ್ರೀನಾ, ಹುಡುಕೋಕೆ? ಕಾಲಿತ್ತು, ಹೋದ. ಬೇಕಿದ್ರೆ ಅದೇ ಕಾಲಲ್ಲಿ ವಾಪಸ್ ಬರ್ತಾನೆ." ಮತ್ತೆ ಎಣ್ಣೆ ಡಬ್ಬಿ ಎತ್ಕೊಂಡವರು ಹಾಗೇ ನಿಂತ್ರು. "ಇರು. ನಿಮ್ಮಮ್ಮ ಹೋಗೋ ಹಿಂದಿನ ದಿನ ನನ್ನ ಕೈ ಹಿಡ್ಕೊಂಡು, ನೀವು ಒಳ್ಳೆಯವರು ಅಂದ್ಲು. ಯಾವತ್ತೂ ಹಾಗಂದವಳಲ್ಲ. ಯಾಕಂದ್ಲು ಅಂತ ನಾನು ಇವತ್ತಿಗೂ ಯೋಚನೆ ಮಾಡ್ತೀನಿ. ಇದನ್ನ ಅವಳಿಗೆ ಹೇಳಿದ್ದು ನೀನಾ?"

ಅವಳು ಬಾಗಿಲ ಕಡೆ ತಿರುಗಿದ್ಲು. ಚಪ್ಪಲಿ ಅದಲು ಬದಲು ಹಾಕ್ಕೊಂಡು ಆಫೀಸಿಗೆ ವಾಪಸ್ ಬಂದ್ಲು. ಅಪ್ಪ ಕೇಳಿಲ್ಲ ಅಂದ್ರೆ, ಇಷ್ಟು ವರ್ಷ ಕೇಳಿದ್ದು ಯಾರು?

ಸರ್ವರ್ ರೂಮಲ್ಲಿ ಕೂತು, ಯಾವತ್ತೂ ಮುಟ್ಟದ ಪೇಜನ್ನ ತೆಗೆದ್ಲು. ತಮ್ಮನ ಸಾಲು. ಅದರ ಕೆಳಗೆ ಇನ್ನೊಂದು ಸಾಲು, ಅದೇ ದಿನ ಬರೆಸಿದ್ದು, ಯಾರೋ ಒಬ್ಬ ಹುಡುಗ, ಶಾಲೆಯಿಂದ ಮನೆಗೆ ಬಾರದವನು. ಅದನ್ನ ನೋಡ್ತಿದ್ದ ಹಾಗೇ ಅವಳಿಗೆ ಅರ್ಥ ಆಗಿಹೋಯ್ತು, ಆದ್ರೂ ಎದ್ದು ಕೌಂಟರಿಗೆ ಹೋಗಿ ಆ ಹುಡುಗನ ನಂಬರ್ ತೋರಿಸಿದ್ಲು. "ಇವನನ್ನ ಯಾರಾದ್ರೂ ಕೇಳ್ತಿದ್ರಾ?"

"ಅಯ್ಯೋ, ಹತ್ತು ಗಂಟೆ ಆಂಟಿ!" ಅಂದ್ಲು ಕೌಂಟರ್ ಹುಡುಗಿ. "ದಿನಾ ಫೋನ್ ಮಾಡೋರು ಅಕ್ಕ, ಒಂದು ದಿನ ತಪ್ಪಿಸಿಲ್ಲ. ಮೊನ್ನೆ ಅವರ ಮಗಳು ಫೋನ್ ಮಾಡಿದ್ರು. ಆಂಟಿ ತೀರ್ಕೊಂಡ್ರಂತೆ. ಯಾಕಕ್ಕಾ? ಅಕ್ಕಾ, ಕೂತ್ಕೊಳ್ಳಿ, ಏನಾಯ್ತು?"

ಇಡೀ ಟ್ರೇ. ಆ ತಾಯಿ ತನ್ನ ಮಗನನ್ನ ಕೇಳಿದಾಗೆಲ್ಲ ಅವನ ಜೊತೆ ಇವಳ ತಮ್ಮನೂ ಮೆಮೊರಿಗೆ ಬಂದು ಕೂತಿದ್ದಾನೆ, ಯಾರೂ ಕರೆಯದೇ. ಇದು ಗೊತ್ತಿಲ್ಲದ ವಿಷಯಾನಾ? ಊರಿಗೆಲ್ಲ ಹೇಳಿಕೊಟ್ಟವಳೇ ಇವಳು! ಎಲ್ಲರ ಪೇಜು ನೋಡುವಾಗ ಟ್ರೇ ನೆನಪಿರ್ತಿತ್ತು, ತಮ್ಮನ ಪೇಜು ನೋಡುವಾಗ ಮಾತ್ರ ಒಂದೇ ಮೊಟ್ಟೆ ಕಾಣಿಸ್ತಿತ್ತು. ಅಪ್ಪ ಒಳ್ಳೆಯವರಾಗಿರಬೇಕಿತ್ತು ಅವಳಿಗೆ, ಅಷ್ಟೇ.

ಅದಕ್ಕಿಂತ ದೊಡ್ಡದು ಆಮೇಲೆ ಹೊಳೀತು. ಅಮ್ಮ ನಿಲ್ಲಿಸಿದ ಮೇಲೆ ತಮ್ಮನನ್ನ ಯಾರೂ ಕೇಳಿಲ್ಲ. ಯಾರಂದ್ರೆ ಯಾರೂ. ಕೇಳದವರನ್ನ ಸಿಕ್ಕವರ ಜೊತೆ ಹೋಲಿಸಿ ನೋಡೋದನ್ನ ನಿಲ್ಲಿಸಿದ್ದು ಇವಳೇ.

ತಮ್ಮನ ನಂಬರ್ ಎರಡು ಸಲ ತಪ್ಪು ಹೊಡೆದ್ಲು. ಹೋಲಿಸೋ ಕ್ವೆರಿ ಒಬ್ಬನಿಗೆ ಮಾತ್ರ ಓಡಿಸಿದ್ಲು. ತಣ್ಣಗಿದ್ದ ಪೇಜುಗಳನ್ನೆಲ್ಲ ಡಿಸ್ಕಿಂದ ತರಬೇಕಲ್ಲ, ನಿಧಾನ ಆಯ್ತು. ಆಮೇಲೆ ಒಂದೇ ಒಂದು ಸಾಲು ಬಂತು. ಹೆಸರು ಬೇರೆ. ವಯಸ್ಸು ಅದೇ, ಎತ್ತರ ಅದೇ, ಬಲ ಹುಬ್ಬು ಸೀಳಿದ ಗುರುತು. ಒಂದು ಆಶ್ರಮದ ಫೋನ್ ನಂಬರ್. ಕೊನೆಯಲ್ಲಿ "ಈಗ ಇಲ್ಲಿಲ್ಲ" ಅಂತ ಬರೆದಿತ್ತು.

ಆಶ್ರಮದ ವಾರ್ಡನಮ್ಮ ಫೋನ್ ಎತ್ತಿದ್ರು, ಹಿಂದೆ ಪಾತ್ರೆ ತೊಳೆಯೋ ಸದ್ದು. ಗುರುತು ಹೇಳ್ತಿದ್ದ ಹಾಗೇ, "ಓ, ನಗೋವಾಗ ಬಾಯಿಗೆ ಕೈ ಇಟ್ಕೊಳ್ಳೋ ಹುಡುಗನಾ?" ಅಂದ್ರು.

"ಹೂಂ."

"ಇದ್ದನಮ್ಮ, ಬಹಳ ದಿನ ಇದ್ದ. ಅಡುಗೆಮನೆ ಪೂರ್ತಿ ಅವನೇ ನೋಡ್ಕೋತಿದ್ದ, ಎಂಥಾ ಕೈ ರುಚಿ. ಮನೆ ಎಲ್ಲಪ್ಪ ಅಂದ್ರೆ ಹೇಳ್ತಿರಲಿಲ್ಲ. ಆದ್ರೆ ವಾರಕ್ಕೊಂದು ಸಲ ಬಂದು ಇಲ್ಲಿ ಮೇಜಿನ ಹತ್ರ ನಿಂತ್ಕೋತಿದ್ದ. ನಮ್ಮ ವಿವರ ಎಲ್ಲಾ ಆ ಕಚೇರಿಗೆ ಹೋಗುತ್ತಲ್ವಾ ಅಮ್ಮ, ಅಲ್ಲಿಂದ ನನ್ನ ಗುರುತು ಹೇಳ್ಕೊಂಡು ಯಾರಾದ್ರೂ ಕೇಳಿದ್ರಾ ಅಂತ. ಇಲ್ಲಪ್ಪ ಅಂತಿದ್ದೆ. ನೀನೇ ಒಂದು ಫೋನ್ ಮಾಡೋ ಅಂದ್ರೆ, ಅವರೇ ಕೇಳ್ಲಿ ಅಮ್ಮ, ಒಂದು ಸಲ ಕೇಳಿದ್ರೂ ಸಾಕು, ಓಡ್ತೀನಿ ಅಂತಿದ್ದ. ಎಲ್ಲಿಂದ ಕಲ್ತನೋ ಅಂಥಾ ಹಠ."

"ಆಮೇಲೆ?"

"ಆಮೇಲೆ ಕೇಳೋದು ನಿಲ್ಲಿಸಿದ. ಒಂದು ದಿನ ಎಲ್ಲರಿಗೂ ಊಟ ಬಡಿಸಿ, ಪಾತ್ರೆ ಕವುಚಿಟ್ಟು, ಬರ್ತೀನಮ್ಮ ಅಂದು ಹೊರಟುಬಿಟ್ಟ. ನೀವು ಅವನಿಗೇನಾಗ್ಬೇಕು?"

"ಅಕ್ಕ" ಅಂದ್ಲು. ಆ ಕಡೆ ನಲ್ಲಿ ನಿಲ್ಲಿಸಿದ ಸದ್ದು ಮಾತ್ರ ಕೇಳಿಸ್ತು. ಇವಳು ಥ್ಯಾಂಕ್ಸ್ ಅಂತ ಹೇಳಿ ಫೋನಿಟ್ಟುಬಿಟ್ಲು. ಇನ್ನೊಂದು ಮಾತಾಡಿದ್ರೆ ಅಲ್ಲೇ ಒಡೆದುಹೋಗ್ತಿದ್ಲು.

ಮನೆಗೆ ಬಂದು ಅಪ್ಪನನ್ನ ಕುರ್ಚಿಯಲ್ಲಿ ಕೂರಿಸಿ ಎಲ್ಲಾ ಹೇಳಿದ್ಲು. ಹತ್ತು ಗಂಟೆ ಆಂಟಿ, ಅಮ್ಮನಿಗೆ ಹೇಳಿದ್ದು, ತಾನು ತೆಗೆದುಹಾಕಿದ ಕ್ವೆರಿ, ಆಶ್ರಮ, ಅಡುಗೆಮನೆ, ಮೇಜಿನ ಹತ್ರ ಬಂದು ನಿಲ್ತಿದ್ದದ್ದು. ಬೈಲಿ ಅಂತ ಕಾದ್ಲು. ಬೈಸ್ಕೊಂಡ್ರೆ ಸ್ವಲ್ಪ ಹಗುರ ಆಗ್ತಿತ್ತು. ಅಪ್ಪ ಬೈಯಲಿಲ್ಲ. ಎಣ್ಣೆ ಅಂಟಿದ ಬೆರಳನ್ನ ಪಂಚೆಗೆ ಒರೆಸ್ತಾ, ಒರೆಸ್ತಾ, ಎಷ್ಟೋ ಹೊತ್ತು ಕೂತಿದ್ರು.

"ಅಡುಗೆ ಮಾಡ್ತಿದ್ನಂತಾ?"

"ಹೂಂ ಅಪ್ಪ."

"ಯಾವ ಕಡೆ ಹೋದನಂತೆ?"

"ಗೊತ್ತಿಲ್ಲ."

"ಕೈಯಲ್ಲಿ ಬ್ಯಾಗ್ ಏನಾದ್ರೂ ಇತ್ತಂತಾ? ಯಾರ ಜೊತೆಗಾದ್ರೂ ಹೋದ್ನಾ, ಒಬ್ಬನೇನಾ?"

"ಗೊತ್ತಿಲ್ಲಪ್ಪ."

ಅಪ್ಪ ಈಗ ಅವಳ ಕಡೆ ತಿರುಗಿದ್ರು. ದನಿಯಲ್ಲಿ ಸಿಟ್ಟೇ ಇರಲಿಲ್ಲ, ಅದೇ ತಡ್ಕೊಳ್ಳೋಕೆ ಆಗಲಿಲ್ಲ ಅವಳಿಗೆ.

"ಕೇಳಲಿಲ್ವೇನೇ ನೀನು?"

"ಇಲ್ಲಪ್ಪ" ಅಂದ್ಲು. "ನಾನೂ ಕೇಳಲಿಲ್ಲ."